ಕೊಲಿಯೂರಿಗೆ ಬಂದ ಅತಿಥಿ

1939ರ ಜನವರಿ 28, ಶನಿವಾರ. ಹೊತ್ತು ಮುಳುಗುವ ಸಮಯ. ಫ್ರಾನ್ಸಿನ ದಕ್ಷಿಣದಂಚಿನಲ್ಲಿ, ಸ್ಪೇನಿನ ಗಡಿಗೆ ಹತ್ತಿರವಿರುವ ಕೊಲಿಯೂರ್ ಎಂಬ ಮೀನುಗಾರರ ಊರಿನ ನಿಲ್ದಾಣದಲ್ಲಿ ಐವರು ರೈಲಿನಿಂದ ಇಳಿದರು. ಎಂಬತ್ತನಾಲ್ಕು ವರ್ಷದ ಒಬ್ಬ ತಾಯಿ, ಆಕೆಯ ಇಬ್ಬರು ಗಂಡುಮಕ್ಕಳು, ಕಿರಿಯವನ ಹೆಂಡತಿ, ಅವರನ್ನೆಲ್ಲ ಗಡಿ ದಾಟಿಸಿಕೊಂಡು ಬಂದ ಸ್ನೇಹಿತ ಕೊರ್ಪುಸ್ ಬಾರ್ಗಾ. ಹಿಂದಿನ ರಾತ್ರಿಯನ್ನು ಅವರು ಗಡಿಯ ಸೆರ್ಬೇರ್ ನಿಲ್ದಾಣದಲ್ಲಿ, ನಿಂತಿದ್ದ ಒಂದು ಖಾಲಿ ರೈಲುಡಬ್ಬಿಯೊಳಗೆ ಚಳಿಯಲ್ಲಿ ಕಳೆದಿದ್ದರು. ಕೈಯಲ್ಲಿ ಸಾಮಾನು ಇರಲಿಲ್ಲ. ಮಳೆಯಲ್ಲಿ ನೆನೆದ ಬಟ್ಟೆಯೇ ಮೈಮೇಲಿತ್ತು. ತಾಯಿಗೆ ನಡೆಯಲು ತ್ರಾಣವಿರಲಿಲ್ಲ. ಬಾರ್ಗಾ ಆಕೆಯನ್ನು ಎತ್ತಿಕೊಂಡು ನಡೆದ. ಮಗುವಿನಷ್ಟು ಹಗುರವಾಗಿದ್ದ ಆಕೆ ದಾರಿಯಲ್ಲಿ ಅವನ ಕಿವಿಯ ಬಳಿ, ಸೆವಿಯಾ ಇನ್ನೇನು ಬಂತೇ ಎಂದು ಕೇಳಿದಳಂತೆ. ಸೆವಿಯಾ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆಕೆ ಆ ಊರನ್ನು ಬಿಟ್ಟು ಐವತ್ತೈದು ವರ್ಷಗಳಾಗಿದ್ದವು.

ಆಕೆಯ ಹೆಸರು ಆನಾ ರೂಯಿಸ್. ಜೊತೆಗಿದ್ದ ಇಬ್ಬರು ಮಕ್ಕಳಲ್ಲಿ ಹಿರಿಯವನು ಊರುಗೋಲು ಊರಿಕೊಂಡು, ಉಬ್ಬಸದಿಂದ ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದ. ಅವನು ಆಂತೋನಿಯೊ ಮಚಾದೊ, ಇಪ್ಪತ್ತನೆಯ ಶತಮಾನದ ಸ್ಪ್ಯಾನಿಷ್ ಕಾವ್ಯದ ಬಹುದೊಡ್ಡ ಹೆಸರುಗಳಲ್ಲಿ ಒಂದು. ಆ ಸಂಜೆ ಕೊಲಿಯೂರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಊರಿನ ಚೌಕದಲ್ಲಿ ಹೊಲಿಗೆ ಸಾಮಾನು, ಬಟ್ಟೆಬರೆ ಮಾರುವ ಒಂದು ಅಂಗಡಿಯಿತ್ತು. ಅಂಗಡಿಯಾಕೆ ಈ ಐವರನ್ನು ಒಳಗೆ ಕರೆದು ಕೂರಿಸಿ ಬಿಸಿ ಹಾಲು ಬೆರೆಸಿದ ಕಾಫಿ ಕೊಟ್ಟಳು. ನೀವು ಯಾರು ಎಂದು ಕೇಳಿ ತಿಳಿದುಕೊಂಡು ಕೊಟ್ಟದ್ದಲ್ಲ. ಅಲ್ಲಿಂದ ಕೆಲವೇ ಹೆಜ್ಜೆ ದೂರದ ಬೂನ್ಯೋಲ್ ಕ್ವಿಂತಾನಾ ಎಂಬ ಹೋಟೆಲಿನಲ್ಲಿ ಅವರಿಗೆ ಇಳಿದುಕೊಳ್ಳಲು ಜಾಗ ಸಿಕ್ಕಿತು. ಅದರ ಒಡತಿ ಪೊಲೀನ್ ಕ್ವಿಂತಾನಾ. ಈ ಇಬ್ಬರು ಹೆಂಗಸರನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮುಂದೆ ಆ ಊರಿನಲ್ಲಿ ಬೆಳೆದು ನಿಂತ ನೆನಪಿಗೆ ಮೊದಲ ನೀರೆರೆದವರು ಇವರು.

ಮಚಾದೊ ಹುಟ್ಟಿದ್ದು 1875ರಲ್ಲಿ, ಸೆವಿಯಾದ ಒಂದು ಹಳೆಯ ಅರಮನೆಯ ಬಾಡಿಗೆ ಭಾಗದಲ್ಲಿ. ಅಂಗಳದಲ್ಲಿ ನಿಂಬೆಗಿಡ, ನೀರಿನ ಕಾರಂಜಿ. ತಂದೆ ಜಾನಪದ ಸಂಗ್ರಾಹಕ. ಹೆಸರಿಲ್ಲದ ಬಡವರು ಹಾಡುತ್ತಿದ್ದ ಫ್ಲಮೆಂಕೊ ಹಾಡುಗಳನ್ನು ಕೂಡಿಹಾಕಿ 1881ರಲ್ಲಿ ಪುಸ್ತಕ ಮಾಡಿದವನು. ಹಾಡಿದವನ ಹೆಸರು ಅಳಿದರೂ ಹಾಡು ಜನರ ಬಾಯಲ್ಲಿ ಬದುಕುತ್ತದೆ ಎಂಬ ನಂಬಿಕೆಯ ಮನೆಯಲ್ಲಿ ಈ ಹುಡುಗ ಕಣ್ಣುಬಿಟ್ಟ. ಎಂಟನೆಯ ವರ್ಷಕ್ಕೆ ಸಂಸಾರ ಮ್ಯಾಡ್ರಿಡ್‌ಗೆ ಹೋಯಿತು. ಸೆವಿಯಾ ಅವನಿಗೆ ಅಷ್ಟೇ ಸಿಕ್ಕದ್ದು, ಎಂಟು ವರ್ಷ.

ಅವನ ಬದುಕನ್ನೆಲ್ಲ ಇಲ್ಲಿ ಹೇಳಬೇಕಿಲ್ಲ. ಸೋರಿಯಾದ ಐದು ವರ್ಷಗಳನ್ನು ಮಾತ್ರ ಬಿಡಲಾಗದು. 1907ರಲ್ಲಿ ಅವನು ಕ್ಯಾಸ್ಟೀಲ್ ಬಯಲಿನ ಆ ಚಳಿಯ ಪಟ್ಟಣಕ್ಕೆ ಫ್ರೆಂಚ್ ಮೇಷ್ಟರಾಗಿ ಹೋದ. ತಂಗಿದ್ದ ಊಟದಮನೆಯವರ ಮಗಳು ಲೆಯೊನೋರ್‌ಳನ್ನು 1909ರಲ್ಲಿ ಮದುವೆಯಾದ. ಅವಳಿಗೆ ಹದಿನೈದು, ಅವನಿಗೆ ಮೂವತ್ತನಾಲ್ಕು. ಆ ಅಂತರ ಇಂದಿನ ನಮಗೆ ಇರುಸುಮುರುಸು ಮಾಡುತ್ತದೆ, ಮಾಡಲೂಬೇಕು. ಎರಡು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿದ್ದಾಗ, ಊರೆಲ್ಲ ಜುಲೈ 14ರ ಹಬ್ಬದ ಗದ್ದಲದಲ್ಲಿದ್ದ ಹೊತ್ತಿಗೆ, ಅವಳು ರಕ್ತ ಕಾರಿಕೊಂಡಳು. ಕ್ಷಯ. ಸೋರಿಯಾಕ್ಕೆ ಹಿಂತಿರುಗಿ, ಗಾಲಿಕುರ್ಚಿಯಲ್ಲಿ ಅವಳನ್ನು ಕೂರಿಸಿ ಬಿಸಿಲಿರುವ ದಾರಿಗಳಲ್ಲಿ ತಳ್ಳಿಕೊಂಡು ಅವನು ತಿರುಗಾಡಿದ. 1912ರ ಮೇ ತಿಂಗಳಲ್ಲಿ, ಸಿಡಿಲು ಸೀಳಿದ ಒಂದು ಎಲ್ಮ್ ಮರದಲ್ಲಿ ಕೆಲವು ಚಿಗುರು ಮೂಡಿದ್ದನ್ನು ಕುರಿತು ಒಂದು ಪದ್ಯ ಬರೆದ. ಅದರಲ್ಲಿ ಹೆಂಡತಿಯ ಹೆಸರಿಲ್ಲ, ಕಾಯಿಲೆಯ ಮಾತಿಲ್ಲ. ಆದರೂ ಅವನು ಯಾವ ಚಿಗುರಿಗಾಗಿ ಕಾಯುತ್ತಿದ್ದಾನೆಂದು ಓದಿದವರಿಗೆ ತಿಳಿದುಹೋಗುತ್ತದೆ. ಆಗಸ್ಟ್ 1ರಂದು ಲೆಯೊನೋರ್ ತೀರಿಕೊಂಡಳು. ವಾರ ಕಳೆಯುತ್ತಲೇ ಅವನು ಸೋರಿಯಾ ಬಿಟ್ಟ. ಅವನಿಗೆ ಹೆಸರು ತಂದ ‘ಕಾಂಪೋಸ್ ದೆ ಕಸ್ತೀಯಾ’ ಸಂಕಲನ ಅದೇ ವರ್ಷ ಹೊರಬಂದಿತ್ತು.

ಆಮೇಲೆ ಬಯೇಸಾ, ಸೆಗೋವಿಯಾ, ಮ್ಯಾಡ್ರಿಡ್. ಎಲ್ಲೆಡೆಯೂ ಅದೇ ಕೆಲಸ, ಹುಡುಗರಿಗೆ ಫ್ರೆಂಚ್ ಕಲಿಸುವುದು. ಇಪ್ಪತ್ತೊಂಬತ್ತು ವರ್ಷ ಹೊಟ್ಟೆಪಾಡಿಗಾಗಿ ಕಲಿಸಿದ ಆ ನುಡಿ ಕೊನೆಗೆ ಅವನನ್ನು ಕೊಲಿಯೂರಿನಲ್ಲಿ ಕೈಹಿಡಿಯಿತು. ಹೋಟೆಲಿನವರ ಬಳಿ ಒಂದು ಲೋಟ ನೀರು ಕೇಳಲು, ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಲು ಅವನಿಗೆ ಆ ನೆಲದ ಮಾತಿತ್ತು. ಬದುಕಿನಲ್ಲಿ ನಾವು ಕಲಿಯುವ ಯಾವ ಸಂಗತಿ ಯಾವ ಗಳಿಗೆಗೆ ಒದಗಿಬರುತ್ತದೆಂದು ಯಾರು ಬಲ್ಲರು?

1936ರ ಜುಲೈಯಲ್ಲಿ ಫ್ರಾಂಕೊ ಮತ್ತು ಅವನ ಜೊತೆಯ ಸೇನಾಧಿಕಾರಿಗಳು ಚುನಾಯಿತ ಗಣರಾಜ್ಯದ ಮೇಲೆ ದಂಗೆಯೆದ್ದರು. ಮಚಾದೊ ಗಣರಾಜ್ಯದ ಪಕ್ಷದಲ್ಲಿ ನಿಂತ. ಅವನ ಅಣ್ಣ ಮಾನ್ವೆಲ್ ಕೂಡ ಕವಿ. ಇಬ್ಬರೂ ಕೂಡಿ ನಾಟಕಗಳನ್ನು ಬರೆದಿದ್ದರು. ದಂಗೆ ಶುರುವಾದಾಗ ಮಾನ್ವೆಲ್ ಬೂರ್ಗೊಸ್‌ನಲ್ಲಿದ್ದ, ಅದು ಫ್ರಾಂಕೊ ಕಡೆಯ ನೆಲ. ಅಣ್ಣ ಅಲ್ಲೇ ಉಳಿದ, ಫ್ರಾಂಕೊನನ್ನು ಹೊಗಳಿ ಬರೆದ. ತಮ್ಮ ವಲೆನ್ಸಿಯಾಕ್ಕೆ, ಅಲ್ಲಿಂದ ಬಾರ್ಸಿಲೋನಾಕ್ಕೆ ಸರಿಯುತ್ತ ಬಂದ. ಅವರಿಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. 1939ರ ಜನವರಿ 26ರಂದು ಬಾರ್ಸಿಲೋನಾ ಬಿತ್ತು. ಚಳಿ, ಮಳೆ, ಆಕಾಶದಿಂದ ಬಾಂಬು. ಸುಮಾರು ಐದು ಲಕ್ಷ ಜನ ಉತ್ತರದ ಗಡಿಯತ್ತ ನಡೆದರು. ಆ ಪ್ರವಾಹದಲ್ಲಿ ಈ ಸಂಸಾರವೂ ಇತ್ತು. ಗಡಿಯ ಹತ್ತಿರ ವಾಹನ ಮುಂದೆ ಹೋಗದಾಯಿತು, ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಇಳಿಯಬೇಕಾಯಿತು. ಅವುಗಳಲ್ಲಿ ಅವನ ಹಸ್ತಪ್ರತಿಗಳಿದ್ದವು. ಅವು ಇಂದಿಗೂ ಸಿಕ್ಕಿಲ್ಲ. ಕೊರ್ಪುಸ್ ಬಾರ್ಗಾ ಫ್ರೆಂಚ್ ಅಧಿಕಾರಿಯ ಬಳಿ ಹೋಗಿ, ನಿಮಗೆ ಕವಿ ಪಾಲ್ ವಲೇರಿ ಹೇಗೋ ಸ್ಪೇನಿಗೆ ಈ ಮುದುಕ ಹಾಗೆ ಎಂದು ವಿವರಿಸಿದನಂತೆ. ಅದರಿಂದ ಒಳಗೆ ಬಿಟ್ಟರು. ವಲೇರಿಗೆ ಹೋಲಿಸಬಲ್ಲ ಸ್ನೇಹಿತನಿಲ್ಲದ ಲಕ್ಷಾಂತರ ಮಂದಿಗೆ ಕಾದಿದ್ದದ್ದು ಬೇರೆ. ಕೊಲಿಯೂರಿನಿಂದ ಕೆಲವೇ ಕಿಲೋಮೀಟರ್ ದೂರದ ಆರ್ಜೆಲೆಸ್ ಕಡಲತೀರದಲ್ಲಿ ಮುಳ್ಳುತಂತಿಯ ಬೇಲಿಯೊಳಗೆ, ಚಾವಣಿಯೂ ಇಲ್ಲದೆ, ಫೆಬ್ರವರಿಯ ಗಾಳಿಯಲ್ಲಿ ಸಾವಿರಾರು ಜನ ಮರಳಿನಲ್ಲಿ ಗುಂಡಿ ತೋಡಿಕೊಂಡು ಮಲಗಿದರು. ಪೊಲೀನ್ ಕ್ವಿಂತಾನಾಳ ಮಮತೆಯ ಕಥೆ ಹೇಳುವಾಗ ಈ ಮರಳನ್ನು ಮರೆತರೆ ಅದು ಸುಳ್ಳಾಗುತ್ತದೆ.

ಕೊಲಿಯೂರಿನಲ್ಲಿ ಮಚಾದೊ ಬದುಕಿದ್ದು ಇಪ್ಪತ್ತೈದು ದಿನ. ಹೋಟೆಲಿನಲ್ಲಿ ಜಾಕ್ ಬೈಲ್ಸ್ ಎಂಬ ರೈಲ್ವೆ ನೌಕರನೊಬ್ಬ ಊಟ ವಸತಿಗೆ ಇದ್ದ. ಅತಿಥಿಗಳ ಹೆಸರು ಬರೆಯುವ ಪುಸ್ತಕದಲ್ಲಿ ಅವನು ‘ಆಂತೋನಿಯೊ ಮಚಾದೊ, ಅಧ್ಯಾಪಕ’ ಎಂದಿದ್ದುದನ್ನು ಕಂಡ. ಬೈಲ್ಸ್ ಸಂಜೆಯ ತರಗತಿಗಳಿಗೆ ಹೋಗಿ ಸ್ಪ್ಯಾನಿಷ್ ಕಲಿತವನು, ಅಲ್ಲಿ ಇದೇ ಹೆಸರಿನ ಕವಿಯ ಪದ್ಯಗಳನ್ನು ಓದಿದ್ದವನು. ಸಂಕೋಚದಿಂದಲೇ ಹತ್ತಿರ ಹೋಗಿ, ಆ ಕವಿ ನೀವೇ ಏನು ಎಂದು ಕೇಳಿದ. ಹೌದು, ನಾನೇ ಎಂದ ಮಚಾದೊ.

ಈ ಒಂದು ಗಳಿಗೆಯ ಮುಂದೆ ನಾನು ಬೆರಗಾಗಿ ನಿಲ್ಲುತ್ತೇನೆ. ಒಬ್ಬ ಕವಿ ಎಲ್ಲವನ್ನೂ ಕಳೆದುಕೊಂಡು ಗಡಿ ದಾಟಿದ್ದಾನೆ. ಮನೆ, ಪುಸ್ತಕ, ಹಸ್ತಪ್ರತಿ, ದೇಶ, ಅಣ್ಣ ಎಲ್ಲವೂ ಹಿಂದೆ ಉಳಿದಿವೆ. ಆದರೆ ಅವನ ಪದ್ಯ ಅವನಿಗಿಂತ ವರ್ಷಗಳ ಮೊದಲೇ ಆ ಗಡಿಯನ್ನು ದಾಟಿ, ಒಬ್ಬ ರೈಲ್ವೆ ನೌಕರನ ಸಂಜೆಶಾಲೆಯ ಪಾಠವಾಗಿ, ಅವನು ಬಂದು ಇಳಿಯಲಿರುವ ಅದೇ ಸೂರಿನಡಿ ಕಾಯುತ್ತ ಕುಳಿತಿದೆ. ಇದನ್ನು ಯಾರೂ ಏರ್ಪಡಿಸಿರಲಿಲ್ಲ. ಪದ್ಯ ಬರೆದವನಿಗೆ ಅದು ಯಾರ ಮನೆಗೆ ಹೋಗಿ ಸೇರಿತೆಂಬುದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಮಚಾದೊನಿಗೆ, ಸಾಯುವ ಕೆಲವೇ ದಿನ ಮೊದಲು, ಒಬ್ಬನ ಮುಖ ಕಾಣಿಸಿತು. ಬೈಲ್ಸ್ ಅವನಿಗೆ ಓದಲು ತನ್ನಲ್ಲಿದ್ದ ಸ್ಪ್ಯಾನಿಷ್ ಪುಸ್ತಕಗಳನ್ನು ತಂದುಕೊಟ್ಟ. ಪಿಯೊ ಬರೋಹನ ಕಾದಂಬರಿಯೊಂದು ಅದರಲ್ಲಿತ್ತು.

ಉಳಿದ ದಿನಗಳ ನೆನಪುಗಳು ಚಿಕ್ಕ ಚಿಕ್ಕವು. ಅಣ್ಣತಮ್ಮಂದಿರು ಊಟಕ್ಕೆ ಒಟ್ಟಿಗೆ ಕೆಳಗಿಳಿದು ಬರುತ್ತಿರಲಿಲ್ಲ ಎಂಬುದನ್ನು ಹೋಟೆಲಿನವರು ಗಮನಿಸಿದರು. ಮೈಮೇಲಿನ ಅಂಗಿ ಬಿಟ್ಟರೆ ಇನ್ನೊಂದಿಲ್ಲದ ಕಾರಣ, ಒಬ್ಬನದು ಒಗೆದು ಒಣಗುವವರೆಗೆ ಅವನು ಕೋಣೆಯಲ್ಲೇ ಇರುತ್ತಿದ್ದ. ವಿಷಯ ತಿಳಿದ ಅಂಗಡಿಯಾಕೆ ಬಟ್ಟೆ ಒದಗಿಸಿದಳು. ಕವಿಯ ಬಳಿ ಒಂದು ಪುಟ್ಟ ಮರದ ಡಬ್ಬಿಯಿತ್ತೆಂದೂ, ಅದರಲ್ಲಿ ಸ್ಪೇನಿನ ಮಣ್ಣಿತ್ತೆಂದೂ, ಈ ಊರಿನಲ್ಲಿ ಸತ್ತರೆ ಇದರೊಂದಿಗೆ ಹೂಳಿ ಎಂದು ಪೊಲೀನ್‌ಗೆ ಕೊಟ್ಟನೆಂದೂ ಊರಿನವರು ಹೇಳುತ್ತ ಬಂದಿದ್ದಾರೆ.

ಕಡಲನ್ನು ನೋಡಲು ಅವನು ಹೋದದ್ದು ಸಾವಿಗೆ ಕೆಲವೇ ದಿನ ಮುಂಚೆ. ತಮ್ಮ ಹೋಸೆ ಅದನ್ನು ಬರೆದಿಟ್ಟಿದ್ದಾನೆ. ಇಬ್ಬರೂ ಮರಳಿನ ಮೇಲೆ ಎಳೆದಿಟ್ಟ ಒಂದು ದೋಣಿಯ ಮೇಲೆ ಕುಳಿತರು. ಗಾಳಿ ಜೋರಾಗಿತ್ತು. ಮಚಾದೊ ಟೋಪಿ ತೆಗೆದು ಒಂದು ಕೈಯಲ್ಲಿ ಮೊಣಕಾಲಿಗೊತ್ತಿ ಹಿಡಿದು, ಇನ್ನೊಂದು ಕೈಯನ್ನು ಊರುಗೋಲಿನ ಮೇಲಿಟ್ಟು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ. ಕೊನೆಗೆ ಬೆಸ್ತರ ಸಣ್ಣ ಮನೆಗಳನ್ನು ತೋರಿಸಿ, ಅಂಥದೊಂದು ಕಿಟಕಿಯ ಹಿಂದೆ ಚಿಂತೆಯಿಲ್ಲದೆ ಬದುಕುವ ಹಾಗಿದ್ದರೆ ಎಂಬ ಆಸೆಯನ್ನು ಹೇಳಿಕೊಂಡ. ಆಮೇಲೆ ಕಷ್ಟಪಟ್ಟು ಎದ್ದು, ಮರಳಿನಲ್ಲಿ ಹೂತುಹೋಗುವ ಕಾಲುಗಳನ್ನು ಎತ್ತಿಡುತ್ತ ಹೋಟೆಲಿಗೆ ಬಂದ.

ಇದೇ ತೀರದಲ್ಲಿ 1905ರ ಬೇಸಿಗೆಯಲ್ಲಿ ಮಾತೀಸ್ ಮತ್ತು ದೆರೇನ್ ಎಂಬ ಚಿತ್ರಕಾರರು ಕುಳಿತು, ಬೆಳಕಿಗೆ ಮರುಳಾಗಿ ಚಿತ್ರಕಲೆಯ ಬಣ್ಣಗಳ ಕಟ್ಟನ್ನೇ ಬಿಚ್ಚಿದ್ದರು. ಆ ಕಥೆ ಪ್ರವಾಸಿಗರಿಗೆಲ್ಲ ಗೊತ್ತು. ಇಲ್ಲಿಂದ ಸ್ವಲ್ಪ ದೂರದಲ್ಲೇ, 1940ರ ಸೆಪ್ಟೆಂಬರಿನಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಇದೇ ಬೆಟ್ಟಗಳನ್ನು ಎದುರು ದಿಕ್ಕಿನಲ್ಲಿ ದಾಟಿದ ಚಿಂತಕ ವಾಲ್ಟರ್ ಬೆಂಜಮಿನ್ ಪೋರ್ತ್‌ಬೋ ಎಂಬ ಸ್ಪೇನಿನ ಗಡಿಯೂರಿನಲ್ಲಿ ಪ್ರಾಣ ಬಿಟ್ಟ. ಒಬ್ಬ ಯಾವ ನೆಲದಿಂದ ಓಡಿಬಂದನೋ ಇನ್ನೊಬ್ಬ ಅದೇ ನೆಲದಲ್ಲಿ ಆಸರೆ ಹುಡುಕಿ ಹೋದ. ಒಂದೇ ಬೆಟ್ಟಸಾಲಿನ ಎರಡು ಪಕ್ಕದಲ್ಲಿ ಇಬ್ಬರೂ ಮಣ್ಣಾದರು.

1939ರ ಫೆಬ್ರವರಿ 22, ಬುಧವಾರ ಮಧ್ಯಾಹ್ನ, ಮಚಾದೊ ತೀರಿಕೊಂಡ. ಅರವತ್ತಮೂರು ವರ್ಷ. ಪಕ್ಕದ ಮಂಚದಲ್ಲೇ ತಾಯಿ ಅರೆಪ್ರಜ್ಞೆಯಲ್ಲಿ ಮಲಗಿದ್ದಳು. ಮಗನನ್ನು ಹೊರಗೆ ಸಾಗಿಸಿದ ಮೇಲೆ ಆಕೆಗೆ ಎಚ್ಚರವಾಗಿ, ಖಾಲಿ ಮಂಚವನ್ನು ಕಂಡು, ಅವನೆಲ್ಲಿ ಎಂದು ಕೇಳಿದಳಂತೆ. ಏನೋ ಹೇಳಿ ಸಮಾಧಾನ ಮಾಡಲು ನೋಡಿದರು, ಆಕೆ ನಂಬಲಿಲ್ಲ. ಮೂರು ದಿನದ ಮೇಲೆ, ಫೆಬ್ರವರಿ 25ರಂದು, ತನ್ನ ಎಂಬತ್ತೈದನೆಯ ಹುಟ್ಟುಹಬ್ಬದ ದಿನವೇ, ಆಕೆಯೂ ಹೋದಳು.

ಶವಪೆಟ್ಟಿಗೆಗೆ ಹೊದಿಸಲು ಗಣರಾಜ್ಯದ ಬಾವುಟ ಬೇಕಿತ್ತು. ಕೆಂಪು, ಹಳದಿ, ನೇರಳೆ ಬಣ್ಣದ ಬಟ್ಟೆ ಹೊಂದಿಸಿ ಅದನ್ನು ರಾತ್ರೋರಾತ್ರಿ ಹೊಲಿದವಳು ಅದೇ ಅಂಗಡಿಯಾಕೆ. ಊರಿನ ಕಡಲಕೋಟೆಯಲ್ಲಿ ಇರಿಸಿದ್ದ ಸ್ಪೇನಿನ ಸೈನಿಕರಲ್ಲಿ ಆರು ಮಂದಿ ಪೆಟ್ಟಿಗೆಗೆ ಹೆಗಲು ಕೊಟ್ಟರು. ಹೂಳಲು ಸ್ವಂತ ಜಾಗವಿಲ್ಲ. ಪೊಲೀನ್‌ಳ ಗೆಳತಿಯೊಬ್ಬಳು ತನ್ನ ಮನೆತನದ ಸಮಾಧಿಗೂಡನ್ನು ಬಿಟ್ಟುಕೊಟ್ಟಳು. ತಾಯಿಗೆ ದಿಕ್ಕಿಲ್ಲದವರ ಮೂಲೆಯಲ್ಲಿ ಮಣ್ಣಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿ ಬರುವಂತೆ ಆಹ್ವಾನಿಸಿದ ಪತ್ರ ಕವಿ ಸತ್ತ ಮೇಲೆ ಬಂದು ತಲುಪಿತು. ಬೂರ್ಗೊಸ್‌ನಲ್ಲಿದ್ದ ಮಾನ್ವೆಲ್‌ಗೆ ತಮ್ಮನ ಸಾವು ವಿದೇಶಿ ಪತ್ರಿಕೆಗಳ ಸುದ್ದಿಯಿಂದ ತಿಳಿಯಿತು. ಹೊರಟು ಕೊಲಿಯೂರಿಗೆ ಬಂದ ಮೇಲಷ್ಟೇ, ತಾಯಿಯೂ ಇಲ್ಲವೆಂದು ಗೊತ್ತಾಯಿತು. ಎರಡು ದಿನ ಇದ್ದು ಫ್ರಾಂಕೊನ ಸ್ಪೇನಿಗೆ ಮರಳಿದ. ಅವನ ರಾಜಕೀಯ ನನಗೆ ಒಪ್ಪಿಗೆಯಿಲ್ಲ, ಆದರೆ ಆ ಎರಡು ದಿನ ಅವನ ಎದೆಯಲ್ಲಿ ಏನು ನಡೆದಿರಬಹುದೆಂದು ನೆನೆದಾಗ ಕೋಪ ಉಳಿಯುವುದಿಲ್ಲ.

ಕೆಲವು ದಿನ ಕಳೆದು ಹೋಸೆಗೆ ಅಣ್ಣನ ಹಳೆಯ ಕೋಟಿನ ಜೇಬಿನಲ್ಲಿ ಮುದುಡಿದ ಒಂದು ಚೀಟಿ ಸಿಕ್ಕಿತು. ಅದರಲ್ಲಿ ಪೆನ್ಸಿಲಿನಿಂದ ಬರೆದ ಮೂರು ಬರಹಗಳು. ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದ ಮೊದಲ ಮಾತು. ಕವಿ ಹಿಂದೆ ತನ್ನ ಪ್ರೇಯಸಿಗೆ ಬರೆದಿದ್ದ ನಾಲ್ಕು ಸಾಲುಗಳು, ಸಣ್ಣ ತಿದ್ದುಪಡಿಯೊಂದಿಗೆ. ಇನ್ನೊಂದು, ಹೊಸದಾಗಿ ಹುಟ್ಟಿದ ಒಂಟಿ ಸಾಲು. ಅದರಲ್ಲಿ ಆಕಾಶದ ಬಣ್ಣವಿದೆ, ಬಾಲ್ಯದ ಬಿಸಿಲಿದೆ. ಮುಂದಿನ ಸಾಲು ಬರಲಿಲ್ಲ.

ಯುದ್ಧದ ಬಗ್ಗೆ ಒಂದಕ್ಷರವಿಲ್ಲ. ಕಳೆದುಹೋದ ಹಸ್ತಪ್ರತಿಗಳ ಬಗ್ಗೆ ಇಲ್ಲ, ಸೋಲಿನ ಬಗ್ಗೆ ಇಲ್ಲ. ಎಂಟನೆಯ ವಯಸ್ಸಿಗೆ ಬಿಟ್ಟುಬಂದ ಸೆವಿಯಾದ ಬಿಸಿಲು ಅರವತ್ತಮೂರನೆಯ ವಯಸ್ಸಿನಲ್ಲಿ ಪರದೇಶದ ಕಿಟಕಿಯಿಂದ ಒಳಗೆ ಬಂದಿದೆ. ತಾಯಿ ನಿಲ್ದಾಣದಿಂದ ಬರುವಾಗ ಕೇಳಿದ್ದೂ ಅದನ್ನೇ ಅಲ್ಲವೇ? ವಯಸ್ಸಿನ ಮರುಳಿನಿಂದ ಆಕೆ ಹಾಗೆಂದಳು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಾಯಿಯ ಮಂಕಾದ ಮನಸ್ಸು ಮತ್ತು ಮಗನ ತಿಳಿಯಾದ ಮನಸ್ಸು ಎರಡೂ ಒಂದೇ ಅಂಗಳಕ್ಕೆ, ಅದೇ ನಿಂಬೆಗಿಡದ ಬುಡಕ್ಕೆ ಹೋಗಿ ಸೇರಿದವು. ಬುದ್ಧಿ ಹೋದ ದಾರಿಯೂ ಕಾವ್ಯ ಹೋದ ದಾರಿಯೂ ಕೊನೆಗೆ ಒಂದೇ ಬಾಗಿಲಿಗೆ ಬಂದು ನಿಂತದ್ದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ಬೆರಗು ಮಾತ್ರ ಇದೆ. ಇನ್ನೂ ಒಂದು ಬೆರಗು: ಸುಮಾರು ಮೂವತ್ತು ವರ್ಷ ಮೊದಲು ತನ್ನನ್ನು ತಾನೇ ಚಿತ್ರಿಸಿಕೊಂಡ ಪದ್ಯವೊಂದರ ಕೊನೆಯಲ್ಲಿ ಅವನು ತನ್ನ ಅಂತಿಮ ಪಯಣವನ್ನು ಊಹಿಸಿಕೊಂಡಿದ್ದ. ಅಲ್ಲಿ ಅವನ ಕೈಯಲ್ಲಿ ಹೆಚ್ಚು ಗಂಟುಮೂಟೆ ಇಲ್ಲ, ಎದುರಿಗೆ ಕಡಲಿದೆ.

ಸ್ಪೇನಿನ ಹೊಸ ಸರ್ಕಾರ 1941ರಲ್ಲಿ, ಸತ್ತು ಎರಡು ವರ್ಷವಾಗಿದ್ದ ಈ ಮೇಷ್ಟರನ್ನು ಅಧ್ಯಾಪಕರ ಪಟ್ಟಿಯಿಂದ ಕಿತ್ತುಹಾಕಿತು. ಆ ಆಜ್ಞೆ ರದ್ದಾಗಿ ಅವನು ಮತ್ತೆ ಅಧ್ಯಾಪಕನಾದದ್ದು 1981ರಲ್ಲಿ. ನಡುವಿನ ನಲವತ್ತು ವರ್ಷ ಅವನನ್ನು ಕಾಪಾಡಿದ್ದು ಓದುಗರು, ಹಾಡುಗಾರರು ಮತ್ತು ಈ ಊರು. 1957ರಲ್ಲಿ ಎರವಲು ಗೂಡಿನಿಂದ ಕವಿಯನ್ನು ಸ್ವಂತ ಸಮಾಧಿಗೆ ತರಬೇಕೆಂದು ಫ್ರೆಂಚ್ ಪತ್ರಿಕೆಯೊಂದರಲ್ಲಿ ಕೂಗೆದ್ದಿತು. ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್, ತಾನೂ ಆ ಸೀಮೆಯಲ್ಲೇ ದೇಶಭ್ರಷ್ಟನಾಗಿ ಬಾಳಿದವನು, ಇಡೀ ಖರ್ಚನ್ನು ತಾನೇ ಕೊಡುತ್ತೇನೆಂದ. ಆದರೆ ಎಲ್ಲರ ಕೈಯ ಕಾಸೂ ಸೇರಲೆಂದು ಚಂದಾ ಎತ್ತಿದರು. ಕಾಮು, ಮಾಲ್ರೋ ಅವರಂಥ ಲೇಖಕರೂ ಕೊಟ್ಟರು, ಹೆಸರಿಲ್ಲದವರೂ ಕೊಟ್ಟರು. ಊರಿನ ಆಡಳಿತ ನೆಲ ಕೊಟ್ಟಿತು. 1958ರ ಜುಲೈಯಲ್ಲಿ ತಾಯಿಮಗ ಇಬ್ಬರನ್ನೂ ಒಂದೇ ಕಲ್ಲಿನ ಕೆಳಗೆ ಮಲಗಿಸಿದರು. ಮರುವರ್ಷ ಫೆಬ್ರವರಿಯಲ್ಲಿ, ಇಪ್ಪತ್ತನೆಯ ಪುಣ್ಯತಿಥಿಗೆ, ಬ್ಲಾಸ್ ದೆ ಓತೆರೊ, ಆಂಹೆಲ್ ಗೊನ್ಸಾಲೆಸ್, ಹಿಲ್ ದೆ ಬಿಯೆದ್ಮಾ ಮೊದಲಾದ ಸ್ಪೇನಿನ ಕವಿಗಳು ಗಡಿ ದಾಟಿ ಬಂದು ಇಲ್ಲಿ ಸೇರಿದರು. ಒಂದು ಪೀಳಿಗೆಯೇ ತನ್ನನ್ನು ಗುರುತಿಸಿಕೊಂಡದ್ದು ಆ ಗೋರಿಯ ಮುಂದೆ. 1966ರಲ್ಲಿ ಬಯೇಸಾದಲ್ಲಿ ಅವನ ನೆನಪಿಗೆ ನಡೆದು ಬಂದ ಜನರನ್ನು ಪೊಲೀಸರು ಹೊಡೆದು ಚದುರಿಸಿದರು. ಮೂರು ವರ್ಷದ ನಂತರ ಗಾಯಕ ಸೆರ್ರಾತ್ ಅವನ ಪದ್ಯಗಳಿಗೆ ರಾಗ ಹಾಕಿ ಒಂದು ಇಡೀ ಧ್ವನಿಮುದ್ರಿಕೆ ತಂದ. ಪುಸ್ತಕ ಮುಟ್ಟದವರ ಬಾಯಲ್ಲೂ ಆ ಪದ್ಯಗಳು ಹರಿದಾಡಿದವು. ಫ್ಲಮೆಂಕೊ ಹಾಡುಗಳನ್ನು ಆರಿಸಿ ಕೂಡಿಟ್ಟ ತಂದೆ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದನೋ.

ಆ ಗೋರಿಯ ಬಳಿ ಈಗ ಒಂದು ಅಂಚೆಪೆಟ್ಟಿಗೆಯಿದೆ. ಬಂದವರು ಕವಿಗೆ ಕಾಗದ ಬರೆದು ಅದರಲ್ಲಿ ಹಾಕುತ್ತಾರೆ. ಶಾಲೆಯ ಮಕ್ಕಳು, ಗಡಿ ದಾಟಿದವರ ಮೊಮ್ಮಕ್ಕಳು, ದೂರದ ದೇಶಗಳಿಂದ ಬಂದ ಓದುಗರು. ಊರಿನ ಆಂತೋನಿಯೊ ಮಚಾದೊ ಪ್ರತಿಷ್ಠಾನ ಅವನ್ನೆಲ್ಲ ಜೋಪಾನವಾಗಿ ಎತ್ತಿಡುತ್ತದೆ. ಸತ್ತವನಿಗೆ ಕಾಗದ ಬರೆಯುವುದು ವ್ಯರ್ಥವೆಂದು ಹೇಳುವವರು ಹೇಳಲಿ. ಹಸ್ತಪ್ರತಿಗಳ ಪೆಟ್ಟಿಗೆ ಕಳೆದುಕೊಂಡು ಬಂದವನಿಗೆ ಜನ ಎಂಬತ್ತು ವರ್ಷದ ಮೇಲೂ ಬರಹವನ್ನು ತುಂಬಿಕೊಡುತ್ತಿದ್ದಾರೆ.

ಅವನ ಮೂಳೆಗಳನ್ನು ಸ್ಪೇನಿಗೆ ತರಬೇಕೆಂಬ ಮಾತು ಆಗಾಗ ಏಳುತ್ತದೆ. ಸೆವಿಯಾಕ್ಕೆ ತರಬೇಕು ಎನ್ನುವವರಿದ್ದಾರೆ, ಸೋರಿಯಾದಲ್ಲಿ ಲೆಯೊನೋರ್ ಪಕ್ಕದಲ್ಲಿ ಇಡಬೇಕು ಎನ್ನುವವರೂ ಇದ್ದಾರೆ. ಆ ಆಸೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮಾತು ಇಷ್ಟೇ: ಅವನನ್ನು ಅಲ್ಲೇ ಬಿಡಬೇಕು. ಹೆಸರು ಕೇಳುವ ಮೊದಲು ಕಾಫಿ ಕೊಟ್ಟ ಊರು ಅದು. ಅಂಗಿ ಕೊಟ್ಟದ್ದು, ಬಾವುಟ ಹೊಲಿದದ್ದು, ತಮ್ಮ ಹಿರಿಯರ ಗೂಡಿನಲ್ಲಿ ಪರದೇಶಿಯೊಬ್ಬನಿಗೆ ಜಾಗ ಬಿಟ್ಟದ್ದು ಆ ಊರಿನ ಜನ. ಮರಳಿನಲ್ಲಿ ಮಲಗಿದ ಆ ಲಕ್ಷಾಂತರ ಮಂದಿಯ ಪರವಾಗಿಯೂ ಅವನು ಅಲ್ಲಿರಬೇಕು. ಸ್ಪೇನಿನ ಪ್ರಧಾನಿ 2019ರ ಫೆಬ್ರವರಿಯಲ್ಲಿ ಮಾಡಿದ ಹಾಗೆ, ಅವನನ್ನು ನೋಡಬೇಕೆನ್ನುವ ಅಧಿಕಾರಸ್ಥರು ಗಡಿ ದಾಟಿ, ಆ ಊರಿಗೆ ಹೋಗಿ, ಆ ಕಲ್ಲಿನ ಮುಂದೆ ತಲೆಬಾಗಲಿ.

ನೀವು ಎಂದಾದರೂ ಆ ಕಡೆ ಹೋದರೆ ನಿಲ್ದಾಣದಿಂದ ನಡೆದೇ ಹೋಗಿ. ಹೋಟೆಲಿನ ಕಟ್ಟಡ ಈಗಲೂ ನಿಂತಿದೆ, ಸ್ಮಶಾನ ಅಲ್ಲಿಗೆ ಹತ್ತಿರ. ಒಂದು ಕಾಗದ ಬರೆದುಕೊಂಡು ಹೋಗಿ, ಕನ್ನಡದಲ್ಲೇ ಬರೆಯಿರಿ. ಅವನ ತಾಯಿಯ ಹೆಸರನ್ನೂ ಮೇಲೆ ಬರೆಯಲು ಮರೆಯಬೇಡಿ.